ಹಸುಗೂಸಿನ ಮೊದಲ ಏಳು ದಿನಗಳು

೧೯೬೩ನೆಯ ಇಸವಿಯ ಆಗಸ್ಟ್ ತಿಂಗಳ ೭ನೆಯ ತಾರೀಖು. ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿಯವರ ಮಡದಿ ಮ್ಯಾಸಚೂಸೆಟ್ಸ್ ಪ್ರಾಂತದ ಒಂದು ವಾಯುನೆಲೆಯ ಆಸ್ಪತ್ರೆಯಲ್ಲಿ ಗಂಡು ಕೂಸೊಂದನ್ನು ಹೆತ್ತರು. ದಿನ ತುಂಬುವುದಕ್ಕೆ ಇನ್ನೂ ಐದೂವರೆ ವಾರಗಳು ಉಳಿದಿದ್ದುವು. ಶಸ್ತ್ರಕ್ರಿಯೆಯಿಂದ ಹೊರತೆಗೆದ ಕೂಸಿನ ತೂಕ ೨.೧ ಕಿಲೋಗ್ರಾಂ. ಹುಟ್ಟಿದ ಸ್ವಲ್ಪ ಹೊತ್ತಿಗೆ ಉಸಿರಾಟ ತೊಡಕತೊಡಗಿತು. ಪ್ಯಾಟ್ರಿಕ್ ಎಂದು ಹೆಸರಿಟ್ಟು, ಕೂಸನ್ನು ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಗೆ ಸಾಗಿಸಿದರು. ದೇಶದ ಹೆಸರಾಂತ ವೈದ್ಯರು ಸುತ್ತ ನೆರೆದರು. ಅಧಿಕ ಒತ್ತಡದಲ್ಲಿ ಆಮ್ಲಜನಕವನ್ನು ತುಂಬಿದ ಉಕ್ಕಿನ ಕೋಣೆಯೊಳಗೆ ಕೂಸನ್ನು ಮಲಗಿಸಿದರು. ತಂದೆ ಆಸ್ಪತ್ರೆಯಲ್ಲಿಯೇ ಕಾದು ಕುಳಿತಿದ್ದರು. ಆಗಸ್ಟ್ ೯ರ ಬೆಳಗಿನ ಜಾವ, ಹುಟ್ಟಿ ೩೯ ಗಂಟೆಗಳಾಗಿದ್ದಾಗ, ಆ ಕೂಸು ತೀರಿಕೊಂಡಿತು. ಜಗತ್ತಿನ ಅತ್ಯಂತ ಬಲಶಾಲಿ ರಾಷ್ಟ್ರದ ಒಡೆಯನಿಗೆ ತನ್ನ ಮಗನ ಪಾಲಿನ ಉಸಿರನ್ನು ಕೊಳ್ಳಲಾಗಲಿಲ್ಲ.

ಕೂಸಿಗೆ ಬಂದಿದ್ದ ರೋಗದ ಗುಟ್ಟು ಅಷ್ಟರಲ್ಲಿ ತಿಳಿಯದೆ ಇರಲಿಲ್ಲ. ಶ್ವಾಸಕೋಶದ ಒಳಗಿನ ಸಣ್ಣ ಸಣ್ಣ ಗಾಳಿಚೀಲಗಳು ಉಸಿರು ಬಿಟ್ಟಾಗ ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳುವ, ಸಾಬೂನಿನ ನೊರೆಯ ಗುಣವುಳ್ಳ ಒಂದು ಪದಾರ್ಥವಿದೆ. ಗರ್ಭದ ಕೊನೆಯ ವಾರಗಳಲ್ಲಿ ಅದು ಸಾಕಷ್ಟು ತಯಾರಾಗುತ್ತದೆ. ಬೇಗ ಹುಟ್ಟಿದ ಕೂಸಿಗೆ ಅದರ ಕೊರತೆ. ಈ ಸಂಗತಿಯನ್ನು ಮೇರಿ ಎಲೆನ್ ಏವರಿ ಎಂಬ ವೈದ್ಯೆ ತಮ್ಮ ಸಹೋದ್ಯೋಗಿ ಮೀಡ್ ಅವರೊಡನೆ ೧೯೫೯ರಲ್ಲಿಯೇ ಪ್ರಕಟಿಸಿದ್ದರು. ಕಾರಣ ಗೊತ್ತಿತ್ತು, ಮದ್ದು ಗೊತ್ತಿರಲಿಲ್ಲ. ೧೯೭೧ರಲ್ಲಿ ಗ್ರೆಗರಿ ಎಂಬುವರು ಕೂಸಿನ ಶ್ವಾಸಮಾರ್ಗದಲ್ಲಿ ಸದಾ ತುಸು ಗಾಳಿಯ ಒತ್ತಡವನ್ನು ಉಳಿಸುವ ಉಪಾಯವನ್ನು ಕಂಡುಹಿಡಿದರು. ೧೯೭೨ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ, ಅಕಾಲದಲ್ಲಿ ಹೆರಿಗೆಯ ಸೂಚನೆ ಕಂಡ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಗರ್ಭದಲ್ಲಿರುವಾಗಲೇ ಕೂಸಿನ ಶ್ವಾಸಕೋಶ ಬಲಿಯುವುದೆಂದು ತೋರಿಸಿದರು. ೧೯೮೦ರಲ್ಲಿ ಜಪಾನಿನ ಫುಜಿವಾರಾ ಆ ನೊರೆಯ ಪದಾರ್ಥವನ್ನೇ ಕೂಸಿನ ಎದೆಯೊಳಕ್ಕೆ ಹನಿಸಿ ಬದುಕಿಸಿದರು. ಇಂದು ಅದೇ ತೂಕದ, ಅದೇ ರೋಗದ ಕೂಸು ಒಂದು ಒಳ್ಳೆಯ ಜಿಲ್ಲಾ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ತಲಪಿದರೆ ಬಹುತೇಕ ಬದುಕುತ್ತದೆ.

ಆದರೂ ಭಾರತದಲ್ಲಿ ಪ್ರತಿ ವರ್ಷ ಲಕ್ಷಗಟ್ಟಲೆ ಹಸುಗೂಸುಗಳು ತಿಂಗಳು ತುಂಬುವ ಮುನ್ನವೇ ಕಣ್ಣು ಮುಚ್ಚುತ್ತವೆ. ಏಕೆ? ಮನೆಯ ಹೆರಿಗೆ, ಸೂಲಗಿತ್ತಿಯ ಅಜ್ಞಾನ, ಬಡತನ ಎಂಬ ಹಳೆಯ ಉತ್ತರ ಈಗ ಸಾಲದು. ಈಗ ಕೂಸುಗಳು ಹುಟ್ಟುವುದು ಆಸ್ಪತ್ರೆಯಲ್ಲಿ. ಆದ್ದರಿಂದ ಪ್ರಶ್ನೆಯನ್ನೂ ಆಸ್ಪತ್ರೆಯ ಬಾಗಿಲಲ್ಲಿಯೇ ಕೇಳಬೇಕಾಗಿದೆ.

ಮನೆಯಿಂದ ಆಸ್ಪತ್ರೆಗೆ

೧೯೯೨-೯೩ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಾದವು ಸುಮಾರು ೨೬ ಮಾತ್ರ. ೨೦೦೫-೦೬ರಲ್ಲಿಯೂ ಅದು ೩೯ನ್ನು ದಾಟಿರಲಿಲ್ಲ. ೨೦೦೫ರಲ್ಲಿ ಆಸ್ಪತ್ರೆಯಲ್ಲಿ ಹೆರುವ ತಾಯಂದಿರಿಗೆ ನಗದು ನೆರವು ಕೊಡುವ ಜನನಿ ಸುರಕ್ಷಾ ಯೋಜನೆ ಬಂತು. ಊರೂರಿಗೆ ಆಶಾ ಕಾರ್ಯಕರ್ತೆಯರು ಬಂದರು. ೨೦೧೯-೨೧ರ ಸಮೀಕ್ಷೆಯ ವೇಳೆಗೆ ಆಸ್ಪತ್ರೆಯ ಹೆರಿಗೆಗಳು ನೂರಕ್ಕೆ ೮೮.೬ಕ್ಕೆ ಏರಿದುವು, ಕರ್ನಾಟಕದಲ್ಲಿ ೯೭ಕ್ಕೆ. ಒಂದು ತಲೆಮಾರು ಕಳೆಯುವುದರೊಳಗಾಗಿ ಹೆರಿಗೆಯೆಂಬುದು ಹಿತ್ತಿಲ ಕೋಣೆಯಿಂದ ಆಸ್ಪತ್ರೆಯ ಮೇಜಿಗೆ ಬಂದುಬಿಟ್ಟಿತು. ನಮ್ಮ ಸಂಸಾರಗಳಲ್ಲಿ ನಡೆದ ಇಷ್ಟು ದೊಡ್ಡ ಮಾರ್ಪಾಟು ಹೆಚ್ಚು ಸದ್ದಿಲ್ಲದೆಯೇ ನಡೆಯಿತೆಂಬುದು ಸೋಜಿಗ.

ಅದರಿಂದ ಆದ ಲಾಭವನ್ನು ಅಲ್ಲಗಳೆಯುವಂತಿಲ್ಲ. ಹುಟ್ಟಿದ ಸಾವಿರ ಕೂಸುಗಳಲ್ಲಿ ಮೊದಲ ೨೮ ದಿನಗಳೊಳಗೆ ತೀರಿಕೊಳ್ಳುವವು ೨೦೦೦ದಲ್ಲಿ ೪೪ ಇದ್ದುವು, ೨೦೨೦ರಲ್ಲಿ ೨೦. ಕರ್ನಾಟಕದಲ್ಲಿ ಆ ವರ್ಷ ೧೪. ಕೇರಳದಲ್ಲಿ ಕೇವಲ ೪, ಮಧ್ಯಪ್ರದೇಶದಲ್ಲಿ ೩೧. ಒಂದೇ ದೇಶದೊಳಗೆ ಇಷ್ಟು ಅಂತರವಿರುವುದೇ, ಈ ಸಾವುಗಳಲ್ಲಿ ಬಹುಪಾಲು ವಿಧಿಯ ಬರಹವಲ್ಲವೆಂಬುದಕ್ಕೆ ಸಾಕ್ಷಿ. ಒಂದು ಕಾಲಕ್ಕೆ ತುಕ್ಕು ಹಿಡಿದ ಕುಡುಗೋಲಿನಿಂದ ಹೊಕ್ಕುಳಬಳ್ಳಿಯನ್ನು ಕೊಯ್ದು ಬರಮಾಡಿಕೊಳ್ಳುತ್ತಿದ್ದ ಧನುರ್ವಾಯು ಸಾವಿರಾರು ಕೂಸುಗಳನ್ನು ಒಯ್ಯುತ್ತಿತ್ತು. ಗರ್ಭಿಣಿಯರಿಗೆ ಚುಚ್ಚುಮದ್ದು, ಹೆರಿಗೆಗೆ ಶುದ್ಧವಾದ ಅಲಗು — ಇವೆರಡರ ಬಲದಿಂದ ಆ ಪಿಡುಗು ದೇಶದಿಂದ ತೊಲಗಿದುದಾಗಿ ೨೦೧೫ರಲ್ಲಿ ಘೋಷಣೆಯಾಯಿತು.

ಆದರೆ ಸಾವಿನ ಕಾರಣಗಳೊಳಗೇ ಒಂದು ಸ್ಥಾನಪಲ್ಲಟವೂ ಆಗಿದೆ. ದೇಶದ ಮನೆಮನೆಗಳಿಗೆ ಹೋಗಿ ಸಾವಿನ ಕಾರಣವನ್ನು ವಿಚಾರಿಸಿ ದಾಖಲಿಸಿದ ದೊಡ್ಡದೊಂದು ಅಧ್ಯಯನದ ಫಲ ೨೦೧೭ರಲ್ಲಿ ಹೊರಬಿತ್ತು. ಅದರಂತೆ ೨೦೦೦ದಿಂದ ೨೦೧೫ರೊಳಗೆ ಹುಟ್ಟುವಾಗಿನ ಉಸಿರುಕಟ್ಟು ಮತ್ತು ಪೆಟ್ಟಿನಿಂದಾಗುವ ಸಾವು ಸಾವಿರಕ್ಕೆ ೯ರಿಂದ ೨.೨ಕ್ಕೆ ಇಳಿಯಿತು, ಸೋಂಕಿನ ಸಾವು ೧೧.೯ರಿಂದ ೪ಕ್ಕೆ ಇಳಿಯಿತು. ಅವಧಿಗೆ ಮುನ್ನ ಹುಟ್ಟಿದ ಅಥವಾ ತೂಕ ಕಡಮೆಯಿದ್ದ ಕೂಸುಗಳ ಸಾವು ಮಾತ್ರ ೧೨.೩ರಿಂದ ೧೪.೩ಕ್ಕೆ ಏರಿತು. ಅದರಲ್ಲಿಯೂ ಬಡ ರಾಜ್ಯಗಳಲ್ಲಿ, ಹಳ್ಳಿಗಳಲ್ಲಿ, ದಿನ ತುಂಬಿಯೂ ತೂಕ ತುಂಬದ ಕೂಸುಗಳದೇ ಏರಿಕೆ. ಎಂದರೆ ಹೆರಿಗೆಯ ಮೇಜಿನ ಮೇಲೆ ಉಸಿರು ಹಿಡಿದ ಕೂಸು, ಆ ಮೇಲೆ ತೂಕ ಸಾಲದೆ, ಕಾವು ಸಾಲದೆ, ಹಾಲು ಸಾಲದೆ ಸೋಲುತ್ತಿದೆ. ತಾಯಿಯ ಒಡಲಿನ ರಕ್ತಹೀನತೆ, ಚಿಕ್ಕ ವಯಸ್ಸಿನ ಬಸಿರು, ಮೇಲಿಂದ ಮೇಲೆ ಬಸಿರು, ಬಸಿರಿನಲ್ಲೂ ಬಿಡದ ದುಡಿಮೆ — ಇವೆಲ್ಲ ಆಸ್ಪತ್ರೆಗೆ ಕಾಲಿಡುವ ಮೊದಲೇ ಕೂಸಿನ ಲೆಕ್ಕದಲ್ಲಿ ಬರೆದಾಗಿರುತ್ತವೆ. ಹುಟ್ಟಿನಿಂದಲೇ ಬರುವ ಹೃದಯದ ದೋಷ ಮೊದಲಾದ ಅಂಗವೈಕಲ್ಯಗಳದು ಇನ್ನೊಂದು ಪಾಲು.

ಈ ಸಾವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಂಭವಿಸುವುದು ಮೊದಲ ವಾರದಲ್ಲಿಯೇ. ನಮ್ಮ ಹಿರಿಯರು ಪುರುಡಿನ ಹತ್ತು ದಿನ ಕಳೆಯುವವರೆಗೆ ಬಾಣಂತಿ ಕೋಣೆಗೆ ಯಾರನ್ನೂ ಬಿಡದೆ, ಆ ಬಳಿಕವೇ ತೊಟ್ಟಿಲು ಕಟ್ಟಿ ಹೆಸರಿಡುತ್ತಿದ್ದರಷ್ಟೆ. ಶಾಸ್ತ್ರದ ಮಾತು ಏನೇ ಇರಲಿ, ಅಷ್ಟು ದಿನ ಉಳಿದ ಕೂಸು ನಮ್ಮದು ಎಂಬ ನೋವಿನ ಅನುಭವವೂ ಆ ಕಾಯುವಿಕೆಯ ಹಿಂದೆ ಇದ್ದೀತು.

ಮೊದಲ ನಿಮಿಷ

ಹುಟ್ಟಿದ ನೂರು ಕೂಸುಗಳಲ್ಲಿ ಹೆಚ್ಚಿನವು ತಾವೇ ಅತ್ತು ಉಸಿರಾಡುತ್ತವೆ. ಐದರಿಂದ ಹತ್ತಕ್ಕೆ ಮಾತ್ರ ತುಸು ನೆರವು ಬೇಕು: ಒರಸಿ, ಬೆನ್ನು ಸವರಿ, ತಲೆಯನ್ನು ನೇರವಾಗಿಟ್ಟು ಉಸಿರಿನ ಹಾದಿಯನ್ನು ತೆರೆಯುವುದು, ಆಗಲೂ ಉಸಿರಾಡದಿದ್ದರೆ ಮುಖವಾಡವಿರುವ ಚಿಕ್ಕ ರಬ್ಬರ್ ಚೀಲದಿಂದ ಗಾಳಿ ಊದುವುದು. ದೊಡ್ಡ ಯಂತ್ರವೇನೂ ಬೇಡ. ಒಂದು ಚೀಲ, ಅದನ್ನು ಬಳಸಲು ಬಲ್ಲ ಎರಡು ಕೈಗಳು. ಆದರೆ ಆ ಕೈಗಳು ಒಂದು ನಿಮಿಷದೊಳಗೆ ಕೆಲಸಕ್ಕೆ ತೊಡಗಬೇಕು. ಮೆದುಳಿಗೆ ಆಮ್ಲಜನಕ ತಪ್ಪಿದಷ್ಟೂ ಹಾನಿ ಹೆಚ್ಚು. ಬದುಕಿದರೂ ಕೂಸು ಅಪಸ್ಮಾರಕ್ಕೋ ಅಂಗಗಳ ಸೆಡೆತಕ್ಕೋ ತುತ್ತಾಗಬಹುದು. ಕಾಲು ಹಿಡಿದು ತಲೆಕೆಳಗಾಗಿ ತೂಗಿ ಬೆನ್ನಿಗೆ ಹೊಡೆಯುವ ಹಳೆಯ ಪದ್ಧತಿಯನ್ನು ಚಲನಚಿತ್ರಗಳಲ್ಲಿ ಇನ್ನೂ ಕಾಣಬಹುದು. ಅದರಿಂದ ಕೇಡೇ ಹೊರತು ಒಳಿತಿಲ್ಲ.

ಹಿಂದೆ ಹೆರಿಗೆಯ ಕೋಣೆಯಲ್ಲಿ ಎಲ್ಲರ ದೃಷ್ಟಿಯೂ ತಾಯಿಯ ಕಡೆಗೇ ಇರುತ್ತಿತ್ತು. ಕೂಸನ್ನು ಮೊದಲ ನಿಮಿಷದಲ್ಲಿಯೇ ಹೊರಳಿ ನೋಡುವಂತೆ ಮಾಡಿದವರು ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಆಪ್ಗಾರ್. ಮೈಬಣ್ಣ, ಹೃದಯದ ಬಡಿತ, ಕೆಣಕಿದಾಗಿನ ಪ್ರತಿಕ್ರಿಯೆ, ಸ್ನಾಯುಗಳ ಬಿಗಿ, ಉಸಿರು — ಈ ಐದಕ್ಕೂ ಎರಡೆರಡು ಅಂಕಗಳಂತೆ ಹತ್ತು ಅಂಕಗಳ ಪರೀಕ್ಷೆಯೊಂದನ್ನು ಅವರು ೧೯೫೩ರಲ್ಲಿ ಪ್ರಕಟಿಸಿದರು. ಭೂಮಿಗೆ ಬಿದ್ದ ಒಂದು ನಿಮಿಷಕ್ಕೇ ಪರೀಕ್ಷೆಯೇ ಎಂದು ನಗಬಹುದು. ಅಂಕ ಬರೆಯಬೇಕಾದರೆ ಯಾರಾದರೂ ಒಬ್ಬರು ಕೂಸನ್ನೇ ನೋಡುತ್ತಿರಲೇಬೇಕಲ್ಲವೆ? ಅದರಲ್ಲಿಯೇ ಆ ಪರೀಕ್ಷೆಯ ಮಹಿಮೆ. ಭಾರತದಲ್ಲಿ ೨೦೦೯ರಿಂದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಮೂಲಕ ದಾದಿಯರಿಗೂ ವೈದ್ಯರಿಗೂ ಉಸಿರೂದುವ ಈ ವಿದ್ಯೆಯನ್ನು ಕಲಿಸಲಾಗುತ್ತಿದೆ. ಉಸಿರುಕಟ್ಟಿನ ಸಾವು ಇಳಿದುದರಲ್ಲಿ ಇಂಥ ಶಿಕ್ಷಣದ ಪಾಲು ಸಣ್ಣದಾಗಿರಲಾರದು.

ಕೋಳಿಮರಿಯ ಪೆಟ್ಟಿಗೆ

ಗರ್ಭದ ಬಿಸುಪಿನಿಂದ ಹೊರಬಿದ್ದ ಒದ್ದೆ ಕೂಸು ಹತ್ತು ಇಪ್ಪತ್ತು ನಿಮಿಷಗಳಲ್ಲಿಯೇ ಎರಡು ಡಿಗ್ರಿಗಳಷ್ಟು ಕಾವನ್ನು ಕಳೆದುಕೊಳ್ಳಬಲ್ಲದು. ಚರ್ಮದ ಕೆಳಗೆ ಕೊಬ್ಬಿಲ್ಲದ ಸಣ್ಣ ಕೂಸಿಗೆ ಅದನ್ನು ಮರಳಿ ಪಡೆಯುವ ಶಕ್ತಿಯಿಲ್ಲ. ಬೇಸಗೆಯ ಬಳ್ಳಾರಿಯಲ್ಲಿಯೂ ಪಂಖದ ಕೆಳಗೆ ಒದ್ದೆಯಾಗಿ ಮಲಗಿದ ಕೂಸು ತಣ್ಣಗಾಗುತ್ತದೆ, ತಣ್ಣಗಾದ ಕೂಸು ಹಾಲು ಎಳೆಯದು, ಹಾಲು ಎಳೆಯದ ಕೂಸಿನ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಉಸಿರು ಮಂದವಾಗುತ್ತದೆ. ದಾಖಲೆಯಲ್ಲಿ ಕಾರಣ ಬೇರೆಯೇ ಬರೆದಿರಬಹುದು, ಮೂಲ ಚಳಿಯಾಗಿರುತ್ತದೆ.

ಇದನ್ನು ಮೊದಲು ಮನಗಂಡವರಲ್ಲಿ ಪ್ಯಾರಿಸಿನ ಹೆರಿಗೆ ವೈದ್ಯ ಟಾರ್ನಿಯೆ ಒಬ್ಬರು. ಅಲ್ಲಿನ ಮೃಗಾಲಯದಲ್ಲಿ ಕೋಳಿಮರಿಗಳಿಗಾಗಿ ಇಟ್ಟಿದ್ದ ಕಾವುಪೆಟ್ಟಿಗೆಯನ್ನು ಕಂಡು, ಅಂಥದನ್ನೇ ಮನುಷ್ಯರ ಕೂಸುಗಳಿಗೂ ಮಾಡಿಸಿದರು. ೧೮೮೦ರ ದಶಕದ ಆರಂಭದಲ್ಲಿ ಪ್ಯಾರಿಸಿನ ಹೆರಿಗೆ ಆಸ್ಪತ್ರೆಯಲ್ಲಿ ಅದು ಬಳಕೆಗೆ ಬಂದಾಗ, ಎರಡು ಕಿಲೋಗ್ರಾಂಗಿಂತ ಕಡಮೆ ತೂಕದ ಕೂಸುಗಳ ಸಾವು ನೂರಕ್ಕೆ ೬೬ರಿಂದ ೩೮ಕ್ಕೆ ಇಳಿಯಿತು. ಬಿಸಿನೀರಿನ ತೊಟ್ಟಿಯ ಮೇಲಿಟ್ಟ ಮರದ ಪೆಟ್ಟಿಗೆ ಮಾಡಿದ ಪವಾಡ ಇದು.

ಟಾರ್ನಿಯೆಯವರ ಶಿಷ್ಯ ಬುಡಾನ್, ಪೆಟ್ಟಿಗೆಯ ಜೊತೆಗೆ ತಾಯಿಯೂ ಇರಬೇಕೆಂದು ವಾದಿಸಿದರು. ಕೂಸಿನಿಂದ ದೂರವಿಟ್ಟ ತಾಯಂದಿರು ಕ್ರಮೇಣ ಅದರಲ್ಲಿ ಆಸಕ್ತಿಯನ್ನೇ ಕಳೆದುಕೊಳ್ಳುವುದನ್ನು ಅವರು ಕಂಡಿದ್ದರು. ಆದರೆ ಇಪ್ಪತ್ತನೆಯ ಶತಮಾನದ ಆಸ್ಪತ್ರೆಗಳು ಹಿಡಿದುದು ಬೇರೆ ಹಾದಿ. ತಾಯಿ ಹೊರಗಿನಿಂದ ಸೋಂಕು ತರುತ್ತಾಳೆಂದು ಆಕೆಯನ್ನು ಗಾಜಿನ ಕಿಟಕಿಯ ಆಚೆ ನಿಲ್ಲಿಸಿದರು. ಕೂಸು ದಾದಿಯ ಕೈಗೆ, ಹಾಲು ಸೀಸೆಗೆ. ಆಸ್ಪತ್ರೆಯೆಂದರೆ ಹೀಗೆಯೇ ಇರಬೇಕೆಂದು ಜನರೂ ನಂಬಿದರು.

ಸೋಂಕು ಬಂದುದು ಎಲ್ಲಿಂದ?

ಗಾಜಿನ ಈಚೆಗೆ ಏನು ನಡೆಯುತ್ತದೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಸಣ್ಣ ಕೂಸಿಗೆ ಎರಡು ಗಂಟೆಗೊಮ್ಮೆ ಹಾಲುಣಿಸಬೇಕು. ದಿನಕ್ಕೆ ಹನ್ನೆರಡು ಬಾರಿ. ವಾರ್ಡಿನಲ್ಲಿ ಹತ್ತು ಕೂಸುಗಳಿದ್ದರೆ ಹಾಲಿಗಾಗಿಯೇ ನೂರ ಇಪ್ಪತ್ತು ಬಾರಿ ಕೈ ತೊಳೆಯಬೇಕು. ಬಟ್ಟೆ ಬದಲಿಸಲು, ಮದ್ದು ಕೊಡಲು, ಜ್ವರ ನೋಡಲು ಮತ್ತಷ್ಟು. ನಾಲ್ಕು ಕೂಸುಗಳನ್ನು ನೋಡಿಕೊಳ್ಳುವ ದಾದಿ ಇಷ್ಟನ್ನೂ ಶ್ರದ್ಧೆಯಿಂದ ಮಾಡಿಯಾಳು. ಹನ್ನೆರಡು ಕೂಸುಗಳನ್ನು ಒಬ್ಬಳ ತಲೆಗೆ ಕಟ್ಟಿ, ಒಂದು ಮಂಚದಲ್ಲಿ ಎರಡೆರಡನ್ನು ಮಲಗಿಸಿ, ಕೈ ತೊಳೆಯುವ ಫಲಕವೊಂದನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ರೋಗಾಣು ಹೆದರುವುದಿಲ್ಲ.

ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ೨೦೧೧ರಿಂದ ೨೦೧೪ರವರೆಗೆ ನಡೆದ ಅಧ್ಯಯನವೊಂದು ಇದರ ಗಂಭೀರತೆಯನ್ನು ತೋರಿಸಿಕೊಟ್ಟಿತು. ಅಲ್ಲಿಯೇ ಹುಟ್ಟಿ ತೀವ್ರ ನಿಗಾ ಘಟಕ ಸೇರಿದ ೧೩,೫೩೦ ಕೂಸುಗಳನ್ನು ಗಮನಿಸಿದಾಗ ನೂರಕ್ಕೆ ೧೪ಕ್ಕೆ ರಕ್ತದ ನಂಜು ತಗಲಿದ್ದುದು ಕಂಡುಬಂತು. ಸತ್ತವುಗಳಲ್ಲಿ ಹತ್ತಿರ ಹತ್ತಿರ ಕಾಲು ಪಾಲಿಗೆ ಆ ನಂಜೇ ಕಾರಣ. ಹೆಚ್ಚಿನ ಕೂಸುಗಳಿಗೆ ಅದು ಅಂಟಿದುದು ಹುಟ್ಟಿದ ೭೨ ಗಂಟೆಗಳೊಳಗಾಗಿ. ಅಸಿನೆಟೊಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾ ಎಂಬ ಜೀವಾಣುಗಳು ಅವುಗಳಲ್ಲಿ ಮುಂಚೂಣಿಯವು. ಇವು ಆಸ್ಪತ್ರೆಯ ನಲ್ಲಿ, ನಳಿಕೆ, ತೊಟ್ಟಿ, ಕೈಗಳಲ್ಲಿ ಮನೆಮಾಡಿಕೊಂಡು ಬಾಳುವಂಥವು. ಅದಕ್ಕಿಂತಲೂ ಭಯಂಕರವಾದ ಸಂಗತಿಯೆಂದರೆ, ಅಸಿನೆಟೊಬ್ಯಾಕ್ಟರುಗಳಲ್ಲಿ ನೂರಕ್ಕೆ ೮೨, ಕ್ಲೆಬ್ಸಿಯೆಲ್ಲಾಗಳಲ್ಲಿ ೫೪ ಹಲವು ಬಗೆಯ ಔಷಧಗಳಿಗೆ ಜಗ್ಗದವು. ಅನಾವಶ್ಯಕವಾಗಿ ಆಂಟಿಬಯಾಟಿಕ್ ಮದ್ದುಗಳನ್ನು ಸುರಿದು ಬೆಳೆಸಿದ ಪಡೆ ಇದು. ಮಾತ್ರೆಯನ್ನು ಕಂಡೂ ಕಾಣದ ಹಸುಗೂಸು, ದೊಡ್ಡವರು ನುಂಗಿದ ಮಾತ್ರೆಗಳ ಸಾಲ ತೀರಿಸಬೇಕಾಗಿ ಬಂದಿದೆ.

ಇದಕ್ಕೆ ಮದ್ದನ್ನು ಇಬ್ಬರು ವೈದ್ಯರು ಕೊರತೆಯ ನಡುವೆಯೇ ಕಂಡುಕೊಂಡರು. ಕೊಲಂಬಿಯಾ ದೇಶದ ಬೊಗೊಟಾ ನಗರದ ಸರಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಕಾವುಪೆಟ್ಟಿಗೆಗಳು ಸಾಲದೆ ಒಂದೊಂದರಲ್ಲಿ ಎರಡು ಮೂರು ಕೂಸುಗಳನ್ನು ಮಲಗಿಸುತ್ತಿದ್ದರು. ಒಂದರ ರೋಗ ಇನ್ನೊಂದಕ್ಕೆ. ೧೯೭೮ರಲ್ಲಿ ಎಡ್ಗರ್ ರೇ ಎಂಬ ವೈದ್ಯರು ಬೇಸತ್ತು, ಪೆಟ್ಟಿಗೆಯಿಂದ ಕೂಸನ್ನು ತೆಗೆದು ತಾಯಿಯ ಬರಿಯ ಎದೆಗೆ ನೆಟ್ಟಗೆ ಒರಗಿಸಿ ಬಟ್ಟೆಯಿಂದ ಕಟ್ಟಿದರು. ಕಾವು ಸಿಕ್ಕಿತು, ಹಾಲು ಸಿಕ್ಕಿತು, ಪಕ್ಕದ ಕೂಸಿನ ಸೋಂಕು ತಪ್ಪಿತು. ಹೊಟ್ಟೆಯ ಚೀಲದಲ್ಲಿ ಮರಿಯನ್ನು ಇಟ್ಟುಕೊಳ್ಳುವ ಕಾಂಗರೂವಿನ ಹೆಸರು ಆ ಪದ್ಧತಿಗೆ ಬಂತು.

ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಅದೇ ಕಾಲದಲ್ಲಿ ನವಜಾತ ಶಿಶುಗಳ ವಾರ್ಡನ್ನು ವಹಿಸಿಕೊಂಡ ಡಾ. ಆರ್ಮಿಡಾ ಫರ್ನಾಂಡಿಸ್ ಅವರಿಗೆ ಎದುರಾದುದು ಸೀಸೆಯ ಹಾಲಿನಿಂದ ಹರಡುವ ಬೇಧಿ ಮತ್ತು ನಂಜು. ಧಾರಾವಿಯ ಬಡ ತಾಯಂದಿರ ಕೂಸುಗಳು ಅವು. ಅವರು ಸೀಸೆಗಳನ್ನು ಹೊರಹಾಕಿ, ತಾಯಂದಿರನ್ನು ಒಳಗೆ ಕರೆದರು. ತಾಯಿಯ ಹಾಲು ಸಾಲದ ಕೂಸಿಗೆ ಬೇರೆ ತಾಯಿಯ ಹಾಲಾದರೂ ಸಿಗಲೆಂದು ೧೯೮೯ರಲ್ಲಿ ಹಾಲಿನ ಬ್ಯಾಂಕನ್ನು ತೆರೆದರು. ಏಷ್ಯಾಖಂಡದಲ್ಲಿಯೇ ಅದು ಮೊದಲನೆಯದು. ಸೋಂಕು ತರುವಳೆಂದು ಹೊರಗಿಟ್ಟಿದ್ದ ತಾಯಿಯೇ ಸೋಂಕಿಗೆ ತಡೆಯಾದಳು.

ಉಪಕಾರದ ಉಪದ್ರವ

ಆಸ್ಪತ್ರೆಯ ವಿದ್ಯೆಗೂ ಮರೆವು, ಆತುರಗಳು ತಪ್ಪಿದ್ದಲ್ಲ. ೧೯೪೦ರ ದಶಕದಲ್ಲಿ ಪಶ್ಚಿಮದ ಸಿರಿವಂತ ಆಸ್ಪತ್ರೆಗಳು ಅಕಾಲದ ಕೂಸುಗಳಿಗೆ ಧಾರಾಳವಾಗಿ ಆಮ್ಲಜನಕವನ್ನು ಕೊಟ್ಟುವು. ಕೂಸುಗಳು ಬದುಕಿದುವು, ಕಣ್ಣು ಕಳೆದುಕೊಂಡುವು. ಸಾವಿರಾರು ಮಕ್ಕಳು ಕುರುಡಾದ ಮೇಲೆ ೧೯೫೪ರ ಸುಮಾರಿಗೆ ಅತಿಯಾದ ಆಮ್ಲಜನಕವೇ ಕಾರಣವೆಂದು ಸ್ಥಿರಪಟ್ಟಿತು. ಈಗ ಭಾರತದ ಚಿಕ್ಕ ಊರುಗಳಲ್ಲಿಯೂ ಸಣ್ಣ ಕೂಸುಗಳು ಉಳಿಯತೊಡಗಿರುವುದರಿಂದ ಅದೇ ಅಪಾಯ ಇಲ್ಲಿಯೂ ತಲೆಯೆತ್ತಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯವು ೨೦೦೮ರಿಂದ ಕರ್ನಾಟಕದ ಜಿಲ್ಲೆಗಳಿಗೆ ಕ್ಯಾಮರಾ ಸಹಿತ ತಂಡಗಳನ್ನು ಕಳುಹಿಸಿ, ಕೂಸುಗಳ ಕಣ್ಣಿನ ಚಿತ್ರಗಳನ್ನು ದೂರದ ತಜ್ಞರಿಗೆ ತೋರಿಸಿ ಪರೀಕ್ಷಿಸುವ ಕೆಲಸವನ್ನು ನಡೆಸುತ್ತ ಬಂದಿದೆ. ಎರಡು ಕಿಲೋಗ್ರಾಂಗಿಂತ ಕಡಮೆ ತೂಕದ ಕೂಸಿಗೆ ತಿಂಗಳೊಳಗಾಗಿ ಕಣ್ಣಿನ ಪರೀಕ್ಷೆಯಾಗಬೇಕೆಂಬುದನ್ನು ಮನೆಯವರು ಮರೆಯಬಾರದು.

ಇದಕ್ಕೆ ಎದುರಾಗಿ ಸಂತೋಷದ ಕಥೆಯೊಂದೂ ಇದೆ. ೧೯೫೦ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ವಾರ್ಡ್ ಎಂಬ ದಾದಿ, ಬಿಸಿಲು ಚೆನ್ನಾಗಿದ್ದ ದಿನಗಳಲ್ಲಿ ಕೂಸುಗಳನ್ನು ಅಂಗಳಕ್ಕೆ ಒಯ್ಯುತ್ತಿದ್ದಳು. ಒಮ್ಮೆ ಆಕೆ ಕಾಮಾಲೆಯ ಕೂಸೊಂದನ್ನು ವೈದ್ಯರಿಗೆ ತೋರಿಸಿದಳು. ಮೈ ತಿಳಿಯಾಗಿತ್ತು, ಹೊದಿಕೆಯ ಮೂಲೆ ಮುಚ್ಚಿದ್ದಷ್ಟು ಜಾಗ ಮಾತ್ರ ಹಳದಿಯಾಗಿಯೇ ಉಳಿದಿತ್ತು. ಬೆಳಕು ಕಾಮಾಲೆಯನ್ನು ಕರಗಿಸುವುದೆಂಬ ಶೋಧಕ್ಕೆ ಅದೇ ಬುನಾದಿ. ಇಂದು ಹೆರಿಗೆ ಆಸ್ಪತ್ರೆಗಳಲ್ಲಿ ನೀಲಿ ದೀಪದ ಕೆಳಗೆ ಕಣ್ಣುಪಟ್ಟಿ ಕಟ್ಟಿಕೊಂಡು ಮಲಗಿರುವ ಕೂಸುಗಳೆಲ್ಲ ಆ ದಾದಿಯ ಋಣದಲ್ಲಿವೆ.

ಸಂಖ್ಯೆಯನ್ನು ಓದುವ ಬಗೆ

೨೦೧೯ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟಾ ನಗರದ ಸರಕಾರಿ ಮಕ್ಕಳ ಆಸ್ಪತ್ರೆಯಲ್ಲಿ ಒಂದೇ ತಿಂಗಳಲ್ಲಿ ಸುಮಾರು ನೂರು ಮಕ್ಕಳು ತೀರಿಕೊಂಡರೆಂಬ ಸುದ್ದಿ ದೇಶವನ್ನು ಕಲಕಿತು. ೨೦೨೧ರ ಜನವರಿ ೯ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ಶಿಶು ಘಟಕಕ್ಕೆ ಬೆಂಕಿ ಬಿದ್ದು ಹತ್ತು ಕೂಸುಗಳು ಬಲಿಯಾದುವು. ಎರಡೂ ಸಂಕಟದ ಸುದ್ದಿಗಳೇ. ಆದರೆ ಎರಡನ್ನೂ ಒಂದೇ ರೀತಿ ಓದಲಾಗದು. ಬೆಂಕಿಗೆ ನಿರ್ಲಕ್ಷ್ಯವೆಂಬ ಒಂದೇ ಹೆಸರು. ದೊಡ್ಡ ಆಸ್ಪತ್ರೆಯ ಸಾವಿನ ಲೆಕ್ಕವಾದರೋ ಸುತ್ತಲಿನ ನಾಲ್ಕಾರು ಜಿಲ್ಲೆಗಳ ಲೆಕ್ಕ. ಸಣ್ಣ ಆಸ್ಪತ್ರೆಯೊಂದು ಕೈಚೆಲ್ಲಿ, ಕೊನೆಯ ಗಳಿಗೆಯಲ್ಲಿ, ತಣ್ಣಗಾದ ಕೂಸನ್ನು ಬಾಡಿಗೆ ಗಾಡಿಯಲ್ಲಿ ನೂರು ಕಿಲೋಮೀಟರ್ ಅಟ್ಟಿದರೆ, ಸಾವು ಬರೆಯಲ್ಪಡುವುದು ತಲಪಿದ ಊರಿನ ಪುಸ್ತಕದಲ್ಲಿ. ಹಾಗೆಂದು ದೊಡ್ಡ ಆಸ್ಪತ್ರೆಗೆ ಹೊಣೆಯಿಲ್ಲವೆಂದಲ್ಲ. ಒಳಗೇ ಹುಟ್ಟಿದ ಕೂಸುಗಳೆಷ್ಟು, ಹೊರಗಿನಿಂದ ಬಂದವೆಷ್ಟು, ಬರುವಾಗ ಮೈಕಾವು ಎಷ್ಟಿತ್ತು, ಬಂದ ಮೇಲೆ ನಂಜು ತಗಲಿದುದೆಷ್ಟಕ್ಕೆ ಎಂದು ಬಿಡಿಸಿ ಕೇಳಿದಾಗಲೇ ಆ ಹೊಣೆ ಯಾರದೆಂದು ಗೊತ್ತಾಗುತ್ತದೆ. ಈ ಪ್ರಶ್ನೆಗಳನ್ನು ಕೇಳದೆ ಒಬ್ಬ ವೈದ್ಯಾಧಿಕಾರಿಯನ್ನು ವರ್ಗ ಮಾಡಿ ಕೈತೊಳೆದುಕೊಳ್ಳುವುದು ಸುಲಭ.

೨೦೦೩ರಲ್ಲಿ ಪಶ್ಚಿಮ ಬಂಗಾಳದ ಹಿಂದುಳಿದ ಪುರುಲಿಯಾ ಜಿಲ್ಲೆಯಲ್ಲಿ ಆರಂಭವಾದ ನವಜಾತ ಶಿಶು ವಿಶೇಷ ಘಟಕವೇ ಇಂದು ದೇಶದ ಜಿಲ್ಲಾ ಆಸ್ಪತ್ರೆಗಳಲ್ಲೆಲ್ಲ ಹಬ್ಬಿರುವ ಘಟಕಗಳಿಗೆ ಮಾದರಿ. ಕೂಸನ್ನು ಮಹಾನಗರಕ್ಕೆ ಸಾಗಿಸುವ ಬದಲು ಜಿಲ್ಲೆಯಲ್ಲಿಯೇ ಉಳಿಸಬಹುದೆಂದು ಅದು ತೋರಿಸಿಕೊಟ್ಟಿತು. ಯಂತ್ರಗಳು ಬಂದಿವೆ, ಅವುಗಳ ಪಕ್ಕದಲ್ಲಿ ನಿಲ್ಲುವ ದಾದಿಯರ ಸಂಖ್ಯೆ ಆ ವೇಗದಲ್ಲಿ ಬೆಳೆದಿಲ್ಲ.

ಮನೆಯವರ ಪಾಲು

ಎಲ್ಲವನ್ನೂ ಆಸ್ಪತ್ರೆಯ ಮೇಲೆ ಹೊರಿಸಿ ಮನೆಯವರು ಪಾರಾಗುವಂತಿಲ್ಲ. ಒಳ್ಳೆಯ ನಕ್ಷತ್ರ, ಒಳ್ಳೆಯ ಲಗ್ನ ನೋಡಿ, ದಿನ ತುಂಬುವ ಮೊದಲೇ ಶಸ್ತ್ರಕ್ರಿಯೆಯಿಂದ ಕೂಸನ್ನು ತೆಗೆಸುವ ಚಟ ನಗರದ ಓದಿದ ಮನೆತನಗಳಲ್ಲಿ ಹಬ್ಬಿದೆ. ೨೦೧೯-೨೧ರ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ನೂರು ಹೆರಿಗೆಗಳಲ್ಲಿ ೪೭ ಶಸ್ತ್ರಕ್ರಿಯೆಯವು. ಎಲ್ಲವೂ ಅಗತ್ಯವಿದ್ದುವೆಂದು ನಂಬುವುದು ಕಷ್ಟ. ೩೯ ವಾರಗಳಿಗೆ ಮುನ್ನ ಕಾರಣವಿಲ್ಲದೆ ಹೀಗೆ ತೆಗೆದ ಕೂಸಿಗೆ ಉಸಿರಾಟದ ತೊಂದರೆ ಬರುವ ಸಂಭವ ಹೆಚ್ಚು. ಜಾತಕದಲ್ಲಿ ಗಜಕೇಸರಿ ಯೋಗವಿದ್ದ ಕೂಸು ಮೊದಲ ಮೂರು ದಿನಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಕಳೆಯಬೇಕಾಗುತ್ತದೆ.

ಹಾಲಿನ ವಿಷಯವೂ ಹೀಗೆಯೇ. ನೂರರಲ್ಲಿ ಸುಮಾರು ೮೯ ಕೂಸುಗಳು ಆಸ್ಪತ್ರೆಯಲ್ಲಿ ಹುಟ್ಟುವ ದೇಶದಲ್ಲಿ, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕಂಡವು ನೂರಕ್ಕೆ ೪೨ ಮಾತ್ರವೆಂದು ಅದೇ ಸಮೀಕ್ಷೆ ಹೇಳುತ್ತದೆ. ವೈದ್ಯರೂ ದಾದಿಯರೂ ಪಕ್ಕದಲ್ಲಿಯೇ ಇರುವಾಗ ಹೀಗಾಗುವುದನ್ನು ಏನೆನ್ನಬೇಕು? ಮೊದಲೆರಡು ದಿನಗಳ ಗಟ್ಟಿಯಾದ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಅಜ್ಜಿಯರು ಇನ್ನೂ ಇದ್ದಾರೆ. ರೋಗವನ್ನು ತಡೆಯುವ ಸತ್ವ ಅದರಲ್ಲಿಯೇ ಹೆಚ್ಚು. ಜೇನು ನೆಕ್ಕಿಸುವುದು, ಸಕ್ಕರೆ ನೀರು, ಬಜೆ ತೇದು ಕುಡಿಸುವುದು ಯಾವುದೂ ಬೇಡ. ಎಳೆಯಲಾರದ ಕೂಸಿಗೆ ತಾಯಿಯ ಹಾಲನ್ನೇ ಹಿಂಡಿ ಒಳಲೆಯಿಂದ ಕುಡಿಸುವುದು ಮೇಲು. ಸೀಸೆಗಿಂತ ತೊಳೆದು ಕುದಿಸಲು ಸುಲಭವಾದ ಒಳಲೆಯೇ ಶುಚಿಯೆಂದು ಈಗ ಆಸ್ಪತ್ರೆಯವರೂ ಒಪ್ಪಿದ್ದಾರೆ. ಅಜ್ಜಿಯರ ಮಾತು ಇಲ್ಲಿ ಗೆದ್ದಿತು. ಮೊದಲ ದಿನವೇ ಎಣ್ಣೆ ಹಚ್ಚಿ ಎರೆಯುವುದನ್ನು ಮಾತ್ರ ಮುಂದೂಡಬೇಕು.

ಮನೆಗೆ ಬಂದ ಮೇಲೆ ಕೂಸು ಹಾಲು ಬಿಟ್ಟರೆ, ಎಬ್ಬಿಸಿದರೂ ಮಂಕಾಗಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಉಸಿರು ನಿಮಿಷಕ್ಕೆ ಅರುವತ್ತನ್ನು ಮೀರಿದರೆ, ಎದೆಯ ಗೂಡು ಒಳಕ್ಕೆ ಸೆಳೆದರೆ, ಸೆಳವು ಬಂದರೆ, ಅಂಗಾಲಿನವರೆಗೂ ಹಳದಿಯೇರಿದರೆ ದೃಷ್ಟಿ ತೆಗೆಯುತ್ತ ಕುಳಿತುಕೊಳ್ಳದೆ ಆಸ್ಪತ್ರೆಗೆ ಒಯ್ಯಬೇಕು. ಬೆಳಗಾಗಲಿ ಎಂದು ಕಾಯಲಾಗದು. ದೊಡ್ಡವರಲ್ಲಿ ದಿನಗಟ್ಟಲೆ ಬೆಳೆಯುವ ರೋಗ ಹಸುಗೂಸಿನಲ್ಲಿ ಗಂಟೆಗಳಲ್ಲಿ ಬೆಳೆಯುತ್ತದೆ. ಒಯ್ಯುವಾಗ ದಾರಿಯಲ್ಲಿ ಕೂಸು ತಾಯಿಯ ಎದೆಗೆ ಒತ್ತಿಕೊಂಡೇ ಇರಬೇಕು.

ಬಾಗಿಲು ತೆರೆದ ವಾರ್ಡು

ಬೊಗೊಟಾದ ಕಾಂಗರೂ ಪದ್ಧತಿ ಒಪ್ಪಿಗೆಯಾಗಿ ವರ್ಷಗಳೇ ಕಳೆದಿದ್ದುವು. ಕರ್ನಾಟಕದಲ್ಲಿಯೂ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನಲ್ಲಿ ಆಸ್ಪತ್ರೆಯಿಂದ ಮನೆಯವರೆಗೂ ಅದನ್ನು ರೂಢಿಗೆ ತರುವ ಪ್ರಯತ್ನ ನಡೆದಿತ್ತು. ಆದರೆ ಎಲ್ಲೆಡೆಯೂ ಒಂದು ನಿಬಂಧನೆ: ಮೊದಲು ಕೂಸು ಚೇತರಿಸಿಕೊಳ್ಳಲಿ, ಆ ಮೇಲೆ ತಾಯಿಯ ಎದೆಗೆ. ಚೇತರಿಸಿಕೊಳ್ಳಲು ಮೂರು ನಾಲ್ಕು ದಿನಗಳು ಬೇಕು; ಹೆಚ್ಚಿನ ಸಾವುಗಳಾಗುವುದು ಆ ದಿನಗಳಲ್ಲಿಯೇ. ಹುಟ್ಟಿದ ಕೂಡಲೇ, ಕಾಯಿಲೆಯಿರುವಾಗಲೇ, 'ತೀವ್ರ ನಿಗಾ'ದ ನಡುವೆಯೇ ಎದೆಗೆ ಕೊಟ್ಟರೆ ಹೇಗೆ? ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ಮತ್ತು ಭಾರತದ ಐದು ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಪರೀಕ್ಷಿಸಿತು. ಭಾರತದ ಪಾಲಿಗೆ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. ಒಂದರಿಂದ ೧.೮ ಕಿಲೋಗ್ರಾಂ ತೂಕದ ಒಳಗಿನ ಕೂಸುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ರೂಢಿಯಂತೆ ಕಾವಿನ ಯಂತ್ರದ ಕೆಳಗೆ; ಇನ್ನೊಂದು ಹುಟ್ಟಿದ ಕೂಡಲೇ ತಾಯಿಯ ಎದೆಗೆ, ಆಕೆ ಬರಲಾಗದ ಹೊತ್ತಿನಲ್ಲಿ ಅಜ್ಜಿಯ ಅಥವಾ ಹತ್ತಿರದವರ ಎದೆಗೆ.

ಒಟ್ಟು ೪,೨೦೦ ಕೂಸುಗಳನ್ನು ಪರೀಕ್ಷೆಗೆ ಸೇರಿಸಿಕೊಳ್ಳುವ ಸಂಕಲ್ಪವಿತ್ತು. ೩,೨೧೧ ಆಗುವಷ್ಟರಲ್ಲಿ, ೨೦೨೦ರ ಜನವರಿಯಲ್ಲಿ, ಮೇಲ್ವಿಚಾರಣೆಯ ಮಂಡಳಿ ಪರೀಕ್ಷೆಯನ್ನು ನಿಲ್ಲಿಸಿಬಿಡಲು ಹೇಳಿತು. ಯಂತ್ರದ ಗುಂಪಿನಲ್ಲಿ ೨೮ ದಿನಗಳೊಳಗೆ ನೂರಕ್ಕೆ ೧೫.೭ ಕೂಸುಗಳು ಸತ್ತಿದ್ದುವು. ಎದೆಯ ಗುಂಪಿನಲ್ಲಿ ೧೨. ನಾಲ್ಕರಲ್ಲಿ ಒಂದು ಸಾವು ತಪ್ಪಿತ್ತು. ನಂಜು ಕೂಡ ಕಡಮೆಯಾಗಿತ್ತು. ಇಷ್ಟು ತಿಳಿದ ಮೇಲೂ ಅರ್ಧದಷ್ಟು ಕೂಸುಗಳನ್ನು ತಾಯಿಯಿಂದ ದೂರವಿಟ್ಟು ಪರೀಕ್ಷೆಯನ್ನು ಮುಂದುವರಿಸುವುದು ತರವಲ್ಲವೆಂದು ಮಂಡಳಿ ಭಾವಿಸಿತು. ೨೦೨೨ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸೂತ್ರಗಳನ್ನು ತಿದ್ದಿ, ಚೇತರಿಕೆಗೆ ಕಾಯಬೇಕೆಂಬ ನಿಬಂಧನೆಯನ್ನು ತೆಗೆದುಹಾಕಿತು.

ಆ ಪರೀಕ್ಷೆಗಾಗಿ ಸಫ್ದರ್‌ಜಂಗ್ ಆಸ್ಪತ್ರೆಯ ಶಿಶು ಘಟಕದೊಳಗೆ ತಾಯಂದಿರ ಮಂಚಗಳನ್ನು ಹಾಕಬೇಕಾಯಿತು. ಹೆರಿಗೆಯ ವೈದ್ಯರೂ ಮಕ್ಕಳ ವೈದ್ಯರೂ ಒಂದೇ ಕೋಣೆಯಲ್ಲಿ ಇಬ್ಬರನ್ನೂ ನೋಡುವ ಏರ್ಪಾಡಾಯಿತು. ಕೂಸಿನ ಮೂಗಿಗೆ ಗಾಳಿಯ ನಳಿಕೆ, ಕಾಲಿಗೆ ಆಮ್ಲಜನಕವನ್ನು ಅಳೆಯುವ ಕೆಂಪು ದೀಪ, ಮೈಗೆ ತಾಯಿಯ ಎದೆ.